ಓಡೆಲ್ ಮನೆ ಕೊಂಡದ್ದು

ಹಿಮ ಸುರಿದು ಎದುರಿನ ದೀಪದ ಕಂಬವೂ ಕಾಣದಂತಾದಾಗ ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಹೋಗುವುದಕ್ಕೆ ಓಡೆಲ್ ಗೇನ್ಸ್ ಹೆದರುತ್ತಿರಲಿಲ್ಲ. ಕುಡಿದು ಹತ್ತಿ ಜಗಳ ತೆಗೆಯುವವರಿಗೂ ಹೆದರುತ್ತಿರಲಿಲ್ಲ. ಅವನು ಹೆದರುತ್ತಿದ್ದದ್ದು ಸ್ವಂತ ಮನೆಗೆ. ಮನೆ ಕೊಳ್ಳುವ ಮಾತು ಬಂದರೆ ಸಾಕು, ಆ ಎತ್ತರದ ಆಳು ಟೋಪಿ ಕೈಗೆ ತೆಗೆದುಕೊಂಡು ಬಾಗಿಲ ಕಡೆ ನೋಡಲು ಶುರು ಮಾಡುತ್ತಿದ್ದ.

ಇದನ್ನು ನನಗೆ ಹೇಳಿದ್ದು ವರ್ನೀಟಾ, ಅವನ ಹೆಂಡತಿ. ಹಿಂದೊಮ್ಮೆ ಹೆಂಡತಿಯಾಗಿದ್ದವಳು ಅನ್ನಬೇಕು. ನಾನೂ ಅವಳೂ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವರು. ರೋಗಿಗಳ ತಟ್ಟೆಗೆ ಉಪ್ಪಿಲ್ಲದ ಆಲೂಗಡ್ಡೆ ಬಡಿಸುತ್ತ ನಾವು ಆಡಿಕೊಳ್ಳದ ವಿಷಯವಿಲ್ಲ.

ಓಡೆಲ್‌ನ ಅಪ್ಪ ಹರೆಯದಲ್ಲಿ ದಕ್ಷಿಣದ ಅಲಬಾಮಾದಿಂದ ನಮ್ಮ ಊರು ಬಫಲೋಗೆ ಬಂದವನು. ಸರೋವರದ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ಒಂದು ಮನೆ ಮಾಡಿಕೊಂಡ. ಬೀದಿಯ ನಡುವೆ ಸಾಲುಮರಗಳಿದ್ದವಂತೆ. ಮರ ಕಡಿದು ಹಳ್ಳ ತೋಡಿ ಅಲ್ಲೊಂದು ಹೆದ್ದಾರಿ ಮಾಡಿದರು. ಮನೆಯ ಬೆಲೆ ಅರ್ಧಕ್ಕಿಳಿಯಿತು. ಆಮೇಲೆ ಕಾರ್ಖಾನೆ ಮುಚ್ಚಿತು. ಸಾಲದ ಕಂತು ಕಟ್ಟಲಾಗದೆ ಮನೆ ಬ್ಯಾಂಕಿನ ಪಾಲಾಯಿತು. ಆಗ ಓಡೆಲ್‌ಗೆ ಇಪ್ಪತ್ತು ದಾಟಿತ್ತು. ವರ್ನೀಟಾಗೆ ಗೊತ್ತಿದ್ದದ್ದು ಇಷ್ಟೇ. ಅವನು ಇದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ.

ಅವರ ಮದುವೆಯಾದ ಕಾಲಕ್ಕೆ ನಮ್ಮ ಊರು ಖಾಲಿಯಾಗುತ್ತಿತ್ತು. ಕೆಲಸವಿದ್ದವರು ಹೊರಗಿನ ಬಡಾವಣೆಗಳಿಗೆ ಹೋದರು, ಕೆಲಸ ಹೋದವರು ದಕ್ಷಿಣಕ್ಕೆ ಹೋದರು. ಸಾಲು ಮನೆಗಳ ಮಧ್ಯೆ ಬಿದ್ದ ಹಲ್ಲಿನ ಹಾಗೆ ಬಯಲುಗಳು ಬಿದ್ದವು. ಒಂದು ಒಳ್ಳೆಯ ಕಾರಿನ ಬೆಲೆಗೆ ಮೂರು ಕೋಣೆಯ ಮನೆ ಸಿಗುತ್ತಿತ್ತು. ವರ್ನೀಟಾ ಅಂಥದ್ದೊಂದನ್ನು ಹುಡುಕಿ ಗಂಡನನ್ನು ಕರೆದುಕೊಂಡು ಹೋದಳು. ಅವಳು ಮೆಟ್ಟಿಲು ಹತ್ತಿದಳು. ಅವನು ಕೆಳಗೇ ನಿಂತ.

"ಬಾರೋ, ಅಡುಗೆಮನೆ ನೋಡು. ಎಷ್ಟು ಬೆಳಕಿದೆ."

"ಇಲ್ಲಿಂದಲೇ ಕಾಣ್ತಿದೆ."

"ಅಡುಗೆಮನೆ ಹಿಂದ್ಗಡೆ ಇದೆ ಓಡೆಲ್. ಅದು ಹೆಂಗೆ ಕಾಣತ್ತೆ ನಿಂಗೆ?"

ಅವನು ಕಾರಿನ ಕಡೆ ತಿರುಗಿದ. ಬಾಡಿಗೆ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ. ಮರುವರ್ಷ ಇನ್ನೊಂದು ಮನೆ, ಅದರಾಚೆ ಇನ್ನೊಂದು. ಅವರಿಗೆ ಮಕ್ಕಳಾಗಲಿಲ್ಲ, ಆ ದುಃಖವನ್ನೂ ಅವರು ಒಟ್ಟಿಗೆ ಕೂತು ಅಳಲಿಲ್ಲ, ಒಬ್ಬೊಬ್ಬರೇ ಅತ್ತರು. ಕೊನೆಗೊಂದು ದಿನ ವರ್ನೀಟಾ ಬಟ್ಟೆಬರೆ ಕಟ್ಟಿಕೊಂಡು ಹೊರಟಳು. "ಇವನ ಜೊತೆ ಇದ್ರೆ ಬಸ್ ಸ್ಟಾಪಿನಲ್ಲಿ ನಿಂತಂಗೆ ಇರತ್ತೆ ಕಣೇ ಡಾಟಿ. ಯಾವಾಗ್ಲೂ ಹೊರಡೋಕೆ ತಯಾರು, ಎಲ್ಲಿಗೂ ಹೋಗಲ್ಲ," ಅಂದಿದ್ದಳು ನನ್ನ ಹತ್ತಿರ. ಕೋರ್ಟಿನಲ್ಲಿ ಜಗಳವೇನೂ ಆಗಲಿಲ್ಲ. ಹಂಚಿಕೊಳ್ಳುವುದಕ್ಕೆ ಏನಿತ್ತು?

ಹೆಂಡತಿ ಬಿಟ್ಟುಹೋದರೂ ಓಡೆಲ್ ಅತ್ತೆಯನ್ನು ಬಿಡಲಿಲ್ಲ. ವರ್ನೀಟಾಳ ತಾಯಿ ಅರ್ಲೀನ್ ಮುದುಕರಿಗೆಂದು ಕಟ್ಟಿದ ಹತ್ತು ಅಂತಸ್ತಿನ ಕಟ್ಟಡದಲ್ಲಿ ಒಂಟಿಯಾಗಿದ್ದಳು. ಪ್ರತಿ ಶುಕ್ರವಾರ ಕೆಲಸ ಮುಗಿಸಿ ಅವನು ಎರಡು ಪೊಟ್ಟಣ ಕರಿದ ಮೀನು ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಟಿವಿಯಲ್ಲಿ ಆಟದ ಸ್ಪರ್ಧೆ ನೋಡುತ್ತ ಮೀನು ತಿನ್ನುತ್ತಿದ್ದರು. ಮಗಳು ಬರುವುದು ಭಾನುವಾರ, ಚರ್ಚು ಮುಗಿದ ಮೇಲೆ. ಇಬ್ಬರೂ ಎದುರಾಗದಂತೆ ಅರ್ಲೀನಳೇ ದಿನ ಹಂಚಿದ್ದಳು. ಹಾಗೆ ಇಪ್ಪತ್ತು ವರ್ಷ ಕಳೆಯಿತು.

ಅಷ್ಟರಲ್ಲಿ ನಮ್ಮ ಊರಿನ ದೆಸೆ ತಿರುಗಿತ್ತು. ದಂಡೆಯ ಮೇಲಿನ ಹಳೆಯ ಕಾಳಿನ ಉಗ್ರಾಣಗಳ ನಡುವೆ ಸಂಜೆ ಸಂಗೀತ, ಬಿಯರು. ಮುಚ್ಚಿದ್ದ ಕಾರ್ಖಾನೆಗಳಲ್ಲಿ ಗಾಜಿನ ಬಾಗಿಲಿನ ಫ್ಲ್ಯಾಟುಗಳು. ನಮ್ಮ ಬೀದಿಗೆ ನ್ಯೂಯಾರ್ಕಿನ ನೆಲಮಾಳಿಗೆಗಳಲ್ಲಿ ಬಾಡಿಗೆಗಿದ್ದ ಬಾಂಗ್ಲಾದೇಶದವರು ಬಂದು, ಹಿಂದೆ ಇಲ್ಲಿದ್ದ ಪೋಲಿಷ್ ಜನರ ಸೂರು ಸೋರುತ್ತಿದ್ದ ಮನೆಗಳನ್ನು ಕೊಂಡು, ತಾವೇ ಏಣಿ ಹತ್ತಿ ರಿಪೇರಿ ಮಾಡಿದರು. ನನ್ನ ಮನೆ ಮುಂದೆ ಬೆಳಗ್ಗೆಯೇ ಈರುಳ್ಳಿ ಬಾಡಿಸುವ ವಾಸನೆ. ಕಿಟಕಿಗೆ ಹಲಗೆ ಹೊಡೆದಿದ್ದ ಬೀದಿಯಲ್ಲಿ ಮತ್ತೆ ಮಕ್ಕಳ ಗಲಾಟೆ ಕೇಳಿ ನನಗಂತೂ ಸಂತೋಷವೇ ಆಯಿತು. ಆದರೆ ಹಿಂದೆಯೇ ಬೇರೆ ತರದವರೂ ಬಂದರು. ಮನೆಯ ಮುಖವನ್ನೂ ನೋಡದೆ, ದೂರದ ಊರಲ್ಲಿ ಕೂತು ನಗದು ಕೊಟ್ಟು ಕೊಳ್ಳುವವರು. ಬಾಡಿಗೆಗಳು ಏರಿದವು.

ವರ್ನೀಟಾ ಇದ್ದ ಮನೆಯನ್ನೂ ಅಂಥವನೊಬ್ಬ ಕೊಂಡು, ಬಾಡಿಗೆಯನ್ನು ಒಂದೂವರೆಪಟ್ಟು ಮಾಡಿದ. ಅವಳು ಮತ್ತೆ ಕೊಳ್ಳುವ ಮನೆ ಹುಡುಕಲು ಹೊರಟಳು. ಒಂದಾದ ಮೇಲೊಂದು ಮೂರು ಮನೆಗೆ ಬೆಲೆ ಹೇಳಿದಳು. ಮೂರೂ ನಗದಿನವರ ಪಾಲಾದವು.

"ಪೇಪರಿನಲ್ಲಿ ಬರೆದಿದಾರೆ, ಊರು ಚಿಗುರ್ತಾ ಇದೆಯಂತೆ," ಅಂದಳು ಒಂದು ದಿನ, ಸೂಪಿನ ಪಾತ್ರೆ ತೊಳೆಯುತ್ತ. "ಚಿಗುರೋದು ಅವರಿಗೆ. ಉದುರೋದು ನಾವು."

ಅದೇ ಚಳಿಗಾಲದಲ್ಲಿ ಅರ್ಲೀನಳ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತು. ಏಳನೆಯ ಅಂತಸ್ತಿನಲ್ಲಿ ಮುದುಕಿ ಒಂದು ವಾರ ಕೂಡಿಹಾಕಿದಂತೆ ಇದ್ದಳು. ಶುಕ್ರವಾರ ಓಡೆಲ್ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೀನಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಾಗ ಒಳಗೆ ವರ್ನೀಟಾ ಕೂತಿದ್ದಳು.

"ದಿನ ತಪ್ಪಿ ಬಂದ್ನಾ?" ಅಂದ ಓಡೆಲ್.

"ನಾನೇ ಕರೆಸಿದ್ದು, ಕೂತ್ಕೋ," ಅಂದಳು ಅರ್ಲೀನ್. "ಮೀನು ತಣ್ಣಗಾಗೋದ್ರೊಳಗೆ ಹೇಳಿ ಮುಗಿಸ್ತೀನಿ. ನಾನು ಈ ಗೂಡಲ್ಲಿ ಸಾಯಲ್ಲ. ಸತ್ರೆ ಹೆಣ ಇಳಿಸೋಕೂ ಲಿಫ್ಟ್ ಇಲ್ಲ. ವರ್ನೀಟಾ, ನಿಂಗೆ ಮನೆ ಬೇಕು, ದುಡ್ಡು ಸಾಲದು. ಓಡೆಲ್, ನಿನ್ನತ್ರ ದುಡ್ಡಿದೆ, ಮನೆ ಇಲ್ಲ. ಮೇಲೊಂದು ಕೆಳಗೊಂದು ಸಂಸಾರ ಇರೋ ಜೋಡಿಮನೆ ತಗೊಳ್ಳಿ. ಕೆಳಗಡೆ ನಾವಿಬ್ರು ಹೆಂಗಸರು. ಮೇಲ್ಗಡೆ ನೀನು."

ವರ್ನೀಟಾ ನಕ್ಕಳು, ಸಂತೋಷದ ನಗುವೇನಲ್ಲ.

"ಅಮ್ಮ, ಇವನ ಜೊತೆ ಒಂದು ಸೂರಿನ ಕೆಳಗೆ ಇರಕ್ಕಾಗದೆ ತಾನೇ ನಾನು ಬಿಟ್ಟಿದ್ದು?"

"ಅದಕ್ಕೇ ಮಧ್ಯೆ ಒಂದು ಮಹಡಿ ಇರೋದು."

"ಇವನು ಮೆಟ್ಲು ಹತ್ತೋದು ಕೂಡ ಇಲ್ಲ. ಹೊಸ್ತಿಲು ಕಂಡ್ರೆ ಕುದುರೆ ಥರ ನಿಂತ್ಬಿಡ್ತಾನೆ."

"ಈಗ ತಾನೇ ಏಳು ಅಂತಸ್ತು ಹತ್ಕೊಂಡು ಬಂದಿದಾನೆ," ಅಂದಳು ಅರ್ಲೀನ್.

ಓಡೆಲ್ ಟೋಪಿ ತೆಗೆದು ಬಾಗಿಲ ಕಡೆ ನೋಡಿದ. ಆದರೆ ಏಳಲಿಲ್ಲ. "ಅಮ್ಮ, ನೀವು ಬೇರೆ ಏನು ಕೇಳಿದ್ರೂ..." ಅಂತ ಶುರು ಮಾಡಿದ.

"ಬೇರೆ ಏನೂ ಬೇಕಿಲ್ಲ ಮಗ. ಇಪ್ಪತ್ತು ವರ್ಷ ಮೀನು ತಂದ್ಕೊಟ್ಟೆ, ಸಾಕು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಇವರು ಮದುವೆ ಮುರಿದುಕೊಂಡು ಮನೆ ಹುಡುಕಲು ಹೊರಟರು. ನಮ್ಮ ಚರ್ಚಿನಲ್ಲಿ ಇದು ಎಷ್ಟು ವಾರದ ಮಾತಿಗಾಯಿತೋ ಲೆಕ್ಕವಿಲ್ಲ.

ನಮ್ಮ ಬೀದಿಯಲ್ಲಿ ನನ್ನ ಎದುರುಸಾಲಿನ ಜೋಡಿಮನೆ ಮಾರಾಟಕ್ಕಿದೆ ಎಂದು ವರ್ನೀಟಾಗೆ ತಿಳಿಸಿದವಳು ನಾನೇ. ಅದು ಮಿಸೆಸ್ ಕುಬಿಯಾಕ್ ಮನೆ. ಪೋಲಿಷ್ ಮುದುಕಿ, ವಿಧವೆ. ಬೀದಿಯಿಂದ ಅವಳ ಜನ ಎಲ್ಲ ಹೋದ ಮೇಲೂ ಅವಳು ಹೋಗಲಿಲ್ಲ. ಬೇಸಗೆಯಲ್ಲಿ ನನಗೆ ಟೊಮೆಟೊ ಕೊಡುತ್ತಿದ್ದಳು, ನಾನು ಅವಳಿಗೆ ಪೀಚ್ ಹಣ್ಣಿನ ಕಡುಬು ಕೊಡುತ್ತಿದ್ದೆ. ಈಗ ಮಂಡಿನೋವು ಹೆಚ್ಚಾಗಿ ಮಗನ ಮನೆಗೆ ಹೊರಟಿದ್ದಳು. ಮೇಲೂ ಕೆಳಗೂ ಒಂದೇ ತರದ ಎರಡು ಮನೆ, ಮುಂದೆ ಒಂದರ ಮೇಲೊಂದು ಎರಡು ಜಗಲಿ.

ವರ್ನೀಟಾ, ಬ್ರೋಕರ್ ಟೆರೆನ್ಸ್ ಜೊತೆ ಹೋಗಿ ನೋಡಿ ಬಂದಳು. ಓಡೆಲ್ ಕಾರಿನಲ್ಲಿ ಕೂತೇ ಇದ್ದ. ಅವಳು ಬೆಲೆ ಹೇಳಿದಳು. ವಾರದೊಳಗೆ ಸುದ್ದಿ ಬಂತು: ಬೇರೆ ರಾಜ್ಯದವನೊಬ್ಬ ನಗದು ಕೊಟ್ಟು ಮುಗಿಸುತ್ತಾನಂತೆ. ನಾಲ್ಕನೆಯದೂ ಹೋಯಿತು.

"ಓಡೆಲ್‌ಗೆ ಫೋನ್ ಮಾಡಿ ಹೇಳ್ದೆ," ಅಂದಳು ವರ್ನೀಟಾ. "ಅಯ್ಯೋ ಪಾಪ ಅಂದ. ದನಿ ಕೇಳ್ಬೇಕಿತ್ತು ನೀನು. ಜೈಲಿಂದ ಬಿಟ್ಟಂಗಿತ್ತು."

ಆದರೆ ತಿಂಗಳು ಕಳೆಯುವಷ್ಟರಲ್ಲಿ ಟೆರೆನ್ಸ್ ಮತ್ತೆ ಫೋನ್ ಮಾಡಿದ. ನಗದಿನವನು ಕಳಿಸಿದ ಪರೀಕ್ಷಕ ನೆಲಮಾಳಿಗೆಗಿಳಿದು ಗೋಡೆ ನೋಡಿ ಬೇಡವೆಂದಿದ್ದ. ಮನೆ ಮತ್ತೆ ಮಾರಾಟಕ್ಕಿತ್ತು, ಬೆಲೆಯೂ ಇಳಿದಿತ್ತು. ಬ್ಯಾಂಕಿನವರು ಸಾಲ ಕೊಡುತ್ತಾರೆ, ಆದರೆ ಗೋಡೆಗೆ ಆಸರೆ ಕೊಡಲೇಬೇಕು ಎಂದರು. ವರ್ನೀಟಾ ಈ ಸಲ ಓಡೆಲ್‌ನ ಬೆನ್ನು ಬೀಳಲಿಲ್ಲ. "ಗೋಡೆ ಸರಿಯಿಲ್ಲ. ಬೇಕಾದ್ರೆ ಹೋಗಿ ನೋಡು, ಬೇಡ್ವಾದ್ರೆ ಬಿಡು. ನಂಗೆ ಸಾಕಾಗಿದೆ," ಎಂದು ಫೋನ್ ಇಟ್ಟಳು.

ಅವನು ಹೋದ. ರಜೆಯ ದಿನ, ಒಬ್ಬನೇ. ನನ್ನ ಕಿಟಕಿಯಿಂದ ನೋಡಿದೆ. ಮೆಟ್ಟಿಲ ಕೆಳಗೆ ಕೈ ಜೇಬಿನಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ಕಾಲ ಕೆಳಗಿನ ಹಿಮ ತುಳಿದು ತುಳಿದು ಕಪ್ಪಾಯಿತು. ಕೊನೆಗೆ ಮಿಸೆಸ್ ಕುಬಿಯಾಕಳೇ ಬಾಗಿಲು ತೆರೆದಳು. ಅಲ್ಲಿ ಏನು ನಡೆಯಿತೆಂದು ಆಮೇಲೆ ಅವಳೇ ನನಗೆ ಹೇಳಿದಳು.

"ಬಸ್ ಬರಲ್ಲ ಇಲ್ಲಿಗೆ. ಯಾರಿಗೆ ಕಾಯ್ತಿದೀಯ?" ಎಂದಳಂತೆ ಮುದುಕಿ.

"ಬಸ್ ಓಡಿಸೋನು ನಾನೇ ಮೇಡಂ. ಗೋಡೆ ನೋಡೋಕೆ ಬಂದೆ."

"ಗೋಡೆ ಒಳಗಿದೆ. ಶೂ ತೆಗೆದು ಬಾ."

ನೆಲಮಾಳಿಗೆಯಲ್ಲಿ ಬೀದಿಯ ಕಡೆಯ ಗೋಡೆ ನಡುವೆ ಉಬ್ಬಿ ಒಳಕ್ಕೆ ಬಂದಿತ್ತು. ಓಡೆಲ್ ಅದರ ಮೇಲೆ ಅಂಗೈ ಇಟ್ಟು ನಿಂತ.

"ಹೊಟ್ಟೆ ಬಂದಿದೆ," ಅಂದ.

"ನಾನು ಮದುವೆಯಾಗಿ ಬಂದಾಗ್ಲೇ ಇತ್ತು ಆ ಹೊಟ್ಟೆ. ಆಮೇಲೆ ನಂದು ಬೆಳೆದಷ್ಟು ಅದು ಬೆಳೆದಿಲ್ಲ."

"ಬೀಳತ್ತಾ?"

"ಬೀಳಬಹುದು. ನಾನೂ ಬೀಳಬಹುದು. ನೀನೇನು, ಬೀಳದೇ ಇರೋ ಮನೆ ಹುಡುಕ್ತಿದೀಯಾ? ಸಿಕ್ರೆ ನಂಗೂ ಹೇಳು."

ಆಮೇಲೆ ಅವಳು ಅಡುಗೆಮನೆಯಲ್ಲಿ ಅವನಿಗೆ ಕಾಫಿ ಕೊಟ್ಟಳು. ಯಾವ ಕಿಟಕಿ ಚಳಿಗೆ ಕಚ್ಚಿಕೊಳ್ಳುತ್ತದೆ, ಕೊಳವೆಯ ನೀರು ಹೆಪ್ಪುಗಟ್ಟದಂತೆ ಮೇಲಿನ ಮನೆಯ ಯಾವ ನಲ್ಲಿಯನ್ನು ಡಿಸೆಂಬರಿನಲ್ಲಿ ತೊಟ್ಟಿಕ್ಕಲು ಬಿಡಬೇಕು, ಎಲ್ಲ ಹೇಳಿದಳು. ಅವನು ಮೇಲಿನ ಮನೆಗೂ ಹತ್ತಿ ಹೋಗಿ, ಬರಿದಾದ ಕೋಣೆಗಳಲ್ಲಿ ಕಾಲುಚೀಲದಲ್ಲೇ ಓಡಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮನ್ನ ಯಾರೂ ಬಲವಂತ ಮಾಡ್ತಿಲ್ವಲ್ಲ, ಮನೆ ಬಿಡಿ ಅಂತ?" ಎಂದು ಕೇಳಿದನಂತೆ.

"ನನ್ನ ಮಂಡಿ ಬಲವಂತ ಮಾಡ್ತಿದೆ, ಅಷ್ಟೆ," ಅಂದಳು ಮುದುಕಿ. "ಯಾಕೆ ಕೇಳ್ದೆ?"

"ಸುಮ್ನೆ," ಅಂದು ಇಳಿದು ಹೋದ.

ಆ ಸಂಜೆ ಅವನು ವರ್ನೀಟಾಗೆ ಫೋನ್ ಮಾಡಿ, ಗೋಡೆಗೆ ಕಬ್ಬಿಣದ ಕಂಬ ಕೊಟ್ಟು ನಿಲ್ಲಿಸಬಹುದಂತೆ, ಬಲ್ಲವರನ್ನು ವಿಚಾರಿಸಿದೆ ಎಂದ. ವರ್ನೀಟಾ ಮರುದಿನ ಅದನ್ನು ನನಗೆ ಹೇಳುವಾಗ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

ಪತ್ರಕ್ಕೆ ಸಹಿ ಹಾಕುವ ದಿನ ವಕೀಲರ ಕಚೇರಿಯಲ್ಲಿ ಎಲ್ಲರೂ ಸೇರಿದ್ದರು. ಅರ್ಲೀನ್ ಚರ್ಚಿಗೆ ಹಾಕುವ ನೇರಳೆ ಬಣ್ಣದ ಟೋಪಿ ಹಾಕಿಕೊಂಡು ಬಂದಿದ್ದಳು. ಕೈಹಿಡಿದು ನಡೆಸಲು ನಾನೂ ಹೋಗಿದ್ದೆ. ವರ್ನೀಟಾ ಸಹಿ ಮಾಡಿದಳು. ಹಾಳೆಗಳನ್ನು ಓಡೆಲ್ ಕಡೆ ತಳ್ಳಿದರು. ಅವನು ಪೆನ್ನು ತೆಗೆದುಕೊಂಡ, ಇಟ್ಟ. ಮತ್ತೆ ತೆಗೆದುಕೊಂಡ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಹೋದ.

ವಕೀಲ ಗಡಿಯಾರ ನೋಡಿದ. ವರ್ನೀಟಾ ಮುಖ ಕಲ್ಲಾಯಿತು. "ನಂಗೊತ್ತಿತ್ತು," ಅಂದಳು.

"ನಿಂಗೇನೂ ಗೊತ್ತಿಲ್ಲ," ಅಂದಳು ಅರ್ಲೀನ್. "ಹೋಗಿ ಮಾತಾಡ್ಸು. ಬೈಬೇಡ. ಅವರಪ್ಪನ ಮೆಟ್ಲಿನ ವಿಷಯ ಕೇಳು."

ಅವನು ಕಚೇರಿಯ ಹೊರಗೆ ಗಾಳಿಯಲ್ಲಿ ನಿಂತಿದ್ದ. ಅಲ್ಲಿ ಅವರಿಬ್ಬರೂ ಆಡಿದ ಮಾತು ನಾನು ಕೇಳಿಲ್ಲ; ವರ್ನೀಟಾ ಬಾಯಿಂದ ತಿಳಿದದ್ದನ್ನು ಹೇಳುತ್ತೇನೆ.

ಬ್ಯಾಂಕಿನ ನೋಟೀಸು ಬಂದ ಮೇಲೂ ಓಡೆಲ್‌ನ ಅಪ್ಪ ನಂಬಿರಲಿಲ್ಲ. ಏನೋ ಒಂದು ದಾರಿ ಆಗುತ್ತದೆ ಎಂದುಕೊಂಡಿದ್ದ. ಮನೆ ಖಾಲಿ ಮಾಡಿಸಲು ಬರುವ ಹಿಂದಿನ ದಿನ, ಎಂದಿನಂತೆ ವಸಂತ ಬಂತೆಂದು, ಮುಂದಿನ ಮೆಟ್ಟಿಲುಗಳಿಗೆಲ್ಲ ಬೂದುಬಣ್ಣ ಬಳಿದಿದ್ದ. ಬೆಳಗ್ಗೆ ಆಳುಗಳು ಬಂದು ಸಾಮಾನು ಎತ್ತಿ ಹೊರಗಿಡಲು ಶುರು ಮಾಡಿದರು. ಅವನು ಒಬ್ಬರ ಮೇಲೂ ಕೂಗಾಡಲಿಲ್ಲ. ಬಾಗಿಲ ಪಕ್ಕ ನಿಂತು, ಮಂಚ ಹೊತ್ತು ಬಂದವರಿಗೂ ಸೋಫಾ ಹೊತ್ತು ಬಂದವರಿಗೂ, "ಸ್ವಲ್ಪ ನೋಡ್ಕೊಂಡು ಕಾಲಿಡಿ, ಬಣ್ಣ ಇನ್ನೂ ಒಣಗಿಲ್ಲ," ಎಂದು ಹೇಳುತ್ತಲೇ ಇದ್ದನಂತೆ. ಅವರು ತುಳಿದುಕೊಂಡೇ ಹೋದರು. ಓಡೆಲ್ ಕಾಲುದಾರಿಯ ಮೇಲೆ ಅಮ್ಮನ ಹೊಲಿಗೆ ಯಂತ್ರ ಹಿಡಿದುಕೊಂಡು ಅದನ್ನೆಲ್ಲ ನೋಡುತ್ತ ನಿಂತಿದ್ದ.

"ನೀನು ಬಾ ಅಡುಗೆಮನೆ ನೋಡು ಅಂದಾಗೆಲ್ಲ ನಂಗೆ ಕಾಣ್ತಿದ್ದದ್ದು ಮೆಟ್ಲು," ಅಂದನಂತೆ ಓಡೆಲ್.

ವರ್ನೀಟಾಗೆ ಮೊದಲು ಬಂದದ್ದು ಸಿಟ್ಟು. "ನಮ್ಮಮ್ಮಂಗೆ ಹೇಳಿದೀಯ. ನಂಗೆ ಯಾಕೆ ಹೇಳ್ಲಿಲ್ಲ? ನಾನು ಹೆಂಡ್ತಿ ಆಗಿದ್ನಲ್ಲೋ."

"ನಿಂಗೆ ಮನೆ ಬೇಕಿತ್ತು. ಹೇಳಿದ್ರೆ ಅದನ್ನ ನಿನ್ನಿಂದ ಕಿತ್ಕೊಂಡಂಗೆ ಆಗ್ತಿತ್ತು."

"ಹೇಳ್ದೇನೂ ಕಿತ್ಕೊಂಡೆ."

"ಹೌದು," ಅಂದ ಅವನು. "ಅದೂ ನಿಜ."

ಅವನ ಕಣ್ಣಲ್ಲಿ ನೀರಿತ್ತು, ಗಾಳಿಗೂ ಇರಬಹುದು. ವರ್ನೀಟಾ ಹೇಳಿದಳು: "ನೋಡು, ಸಹಿ ಮಾಡ್ಲೇಬೇಕು ಅಂತ ಇಲ್ಲ. ನಾನು ಮತ್ತೆ ಬಿಟ್ಟು ಹೋಗ್ತೀನಿ ಅಂತ ಹೆದ್ರಬೇಡ, ಆಗ್ಲೇ ಬಿಟ್ಟಾಗಿದೆ. ಆದ್ರೆ ಈ ಸಲ ಕಂತು ಕಟ್ಟೋಕೆ ಇಬ್ರಿದೀವಿ. ನಿಮ್ಮಪ್ಪ ಒಬ್ಬನೇ ಇದ್ದ."

ಅವರು ಒಳಗೆ ಬಂದಾಗ ಇಬ್ಬರ ಮೂಗೂ ಕೆಂಪಾಗಿತ್ತು. ಓಡೆಲ್ ಕೂತು ಎಲ್ಲ ಹಾಳೆಗಳಿಗೂ ಸಹಿ ಹಾಕಿದ. ಮಿಸೆಸ್ ಕುಬಿಯಾಕ್ ಅವನ ಕೈಗೆ ಬೀಗದ ಕೈಗಳ ಜೊತೆಗೆ ಗಾಜಿನ ಸೀಸೆಯಲ್ಲಿ ಉಪ್ಪಿನಕಾಯಿ ಹಾಕಿದ ಬೀಟ್ರೂಟ್ ಕೊಟ್ಟಳು.

ಮನೆಗೆ ಬಂದದ್ದೇನೋ ಆಯಿತು. ಗೋಡೆಗೆ ಕಂಬ ನಿಂತಿತು. ಕೆಳಗಿನ ಮನೆಯಲ್ಲಿ ಅರ್ಲೀನ್ ಮೊದಲ ದಿನವೇ ಕುರ್ಚಿಯನ್ನು ಜಗಲಿಗೆ ಹಾಕಿಸಿಕೊಂಡು ಬೀದಿಯವರನ್ನೆಲ್ಲ ವಿಚಾರಿಸಿಕೊಂಡಳು. ವರ್ನೀಟಾ ಪರದೆ ಕಟ್ಟಿದಳು, ಗೋಡೆಗೆ ಫೋಟೋ ಹೊಡೆದಳು. ಆದರೆ ಮೇಲಿನ ಮನೆಯಲ್ಲಿ ಓಡೆಲ್ ಒಂದು ಮಂಚ, ಒಂದು ಕುರ್ಚಿ, ಒಂದು ಟಿವಿ ಬಿಟ್ಟು ಬೇರೇನನ್ನೂ ಬಿಚ್ಚಲಿಲ್ಲ. ಅತ್ತೆ ಕೊಟ್ಟಿದ್ದ ಪಿಂಗಾಣಿ, ಅವನಮ್ಮನ ಹೊದಿಕೆಗಳು, ಪಾತ್ರೆ, ಎಲ್ಲ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳಲ್ಲೇ ಗೋಡೆಗೊರಗಿ ನಿಂತಿದ್ದವು. ಒಮ್ಮೆ ಅವನ ಟಪಾಲು ಕೊಡಲು ಹೋದ ವರ್ನೀಟಾ ಅದನ್ನು ನೋಡಿ ಇಳಿದು ಬಂದಳು. ಬೇಸಗೆ ಹೋಯಿತು, ಎಲೆ ಉದುರಿತು, ಪೆಟ್ಟಿಗೆ ಹಾಗೇ ಇದ್ದವು.

"ಹೊರಡೋಕೆ ತಯಾರಿದಾನೆ," ಅಂದಳು ನನಗೆ. "ಬೇರೆಯವರು ಎತ್ತಿ ಹಾಕೋಕ್ಕಿಂತ ಮುಂಚೆ ತಾನೇ ಎತ್ಕೊಂಡು ಹೋಗ್ಬೇಕು, ಹಂಗೆ."

ಕ್ರಿಸ್‌ಮಸ್ ವಾರದಲ್ಲಿ ಆ ದೊಡ್ಡ ಹಿಮಗಾಳಿ ಬಂತು. ನಮ್ಮೂರಿನವರು ಹಿಮಕ್ಕೆ ಹೊಸಬರಲ್ಲ, ಆದರೂ ಅಂಥದ್ದನ್ನು ನಾನು ಕಂಡಿರಲಿಲ್ಲ. ಜಗಲಿಯ ಕಂಬವೇ ಕಾಣುತ್ತಿರಲಿಲ್ಲ. ಓಡೆಲ್ ಬಸ್ ಡಿಪೋದಲ್ಲಿ ಸಿಕ್ಕಿಹಾಕಿಕೊಂಡ. ಬೀದಿಯಲ್ಲಿ ನಮ್ಮ ಸಾಲಿಗೆ ಪೂರ್ತಿ ಕರೆಂಟ್ ಹೋಯಿತು. ಅವರ ಸಾಲಿಗೆ ಮಾತ್ರ ಇತ್ತು. ನನ್ನ ಮನೆಯೊಳಗೆ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿಯಾದಾಗ ವರ್ನೀಟಾ ಫೋನ್ ಮಾಡಿ, ಪಕ್ಕದವರನ್ನೂ ಕರೆದುಕೊಂಡು ಬಾ ಎಂದಳು. ನನ್ನ ಪಕ್ಕದಲ್ಲಿ ಶಿರೀನ್, ಅವಳ ಗಂಡ, ಅತ್ತೆ, ಮಕ್ಕಳು. ಕೆಲವೇ ವಾರಗಳ ಹಿಂದೆ ನ್ಯೂಯಾರ್ಕಿನಿಂದ ಬಂದವರು, ಇಂಥ ಚಳಿ ಕಂಡವರೇ ಅಲ್ಲ. ಅವರಾಚೆ ಒಬ್ಬ ಮುದುಕ. ಒಬ್ಬರ ಕೋಟು ಒಬ್ಬರು ಹಿಡಿದುಕೊಂಡು ಬೀದಿ ದಾಟಿದೆವು. ದಾಟುವುದಕ್ಕೇ ಅರ್ಧ ಗಂಟೆ ಹಿಡಿಯಿತೇನೋ.

ಕೆಳಗಿನ ಮನೆ ತುಂಬಿಹೋಯಿತು. ಹೊದಿಕೆ ಸಾಲಲಿಲ್ಲ, ತಟ್ಟೆ ಸಾಲಲಿಲ್ಲ. ವರ್ನೀಟಾ ಒಂದು ಕ್ಷಣ ಯೋಚಿಸಿ, ಅಡುಗೆಮನೆಯ ಚಾಕು, ಮೇಲಿನ ಮನೆಯ ಇನ್ನೊಂದು ಬೀಗದ ಕೈ ತೆಗೆದುಕೊಂಡು ಮೇಲೆ ಹೋದಳು. ಟೇಪು ಕೊಯ್ಯುವ ಸದ್ದು ನಮಗೆ ಕೆಳಗೇ ಕೇಳಿಸಿತು. ಒಂದಾದ ಮೇಲೊಂದು ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿದಳು. ನಾವು ಅರ್ಧ ಜನ ಮೇಲೆ ಹೋದೆವು. ಶಿರೀನ್ ತಾನು ತಂದಿದ್ದ ಅಕ್ಕಿ ಬೇಳೆ ಸೇರಿಸಿ ಓಡೆಲ್‌ನ ದೊಡ್ಡ ಪಾತ್ರೆಯಲ್ಲಿ ಖಿಚಡಿ ಮಾಡಿದಳು. ನಾವು ಅದನ್ನು ವರ್ನೀಟಾಳ ಸೊಪ್ಪಿನ ಪಲ್ಯದ ಜೊತೆ ಓಡೆಲ್‌ನ ಪಿಂಗಾಣಿ ತಟ್ಟೆಗಳಲ್ಲಿ ತಿಂದೆವು.

ಗಾಳಿ ನಿಂತ ದಿನ ಬೆಳಗ್ಗೆ ಓಡೆಲ್ ಡಿಪೋದಿಂದ ನಡೆದುಕೊಂಡೇ ಬಂದ. ಮೇಲಿನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಬೀಗದ ಕೈ ಮರಗಟ್ಟಿದ ಬೆರಳಲ್ಲಿ ತಿರುಗಿರಲಿಲ್ಲ. ಶಿರೀನ್ ಹೋಗಿ ತೆರೆದಳು. ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಹುಬ್ಬಿನ ಮೇಲೂ ಹಿಮ ಮೆತ್ತಿಕೊಂಡು ಬಾಗಿಲು ತುಂಬ ನಿಂತಿದ್ದ ಗಂಡಸನ್ನು ಅವಳು ಗುರುತಿಸಲಿಲ್ಲ.

"ಯಾರು ಬೇಕಿತ್ತಣ್ಣ? ಆಸರೆಗೆ ಬಂದ್ರಾ? ನಿಂತಿರಿ, ಮನೆಯವರನ್ನ ಕೇಳಿ ಬರ್ತೀನಿ. ಇಲ್ಲೂ ತುಂಬ ಜನ ಇದೀವಿ."

ಓಡೆಲ್ ಅವಳ ತಲೆಯ ಮೇಲಿಂದ ಒಳಗೆ ನೋಡಿದ. ಅವನಮ್ಮನ ಹೊದಿಕೆ ಹೊದ್ದು ಶಿರೀನಳ ಮುದಿ ಅತ್ತೆ ಅವನ ಕುರ್ಚಿಯಲ್ಲಿ ಕೂತಿದ್ದಳು. ನೆಲದ ಮೇಲೆ ಮಕ್ಕಳು ಬಿಚ್ಚಿದ ರಟ್ಟಿನ ಪೆಟ್ಟಿಗೆಗಳಲ್ಲಿ ದೋಣಿ ಮಾಡಿಕೊಂಡು ಆಡುತ್ತಿದ್ದವು. ವರ್ನೀಟಾ ಒಲೆಯ ಹತ್ತಿರ ಚಾಕು ಹಿಡಿದುಕೊಂಡೇ ತಿರುಗಿದಳು. ಅವನು ಏನನ್ನುತ್ತಾನೋ ಎಂದು ನಾನೂ ತಟ್ಟೆ ಕೆಳಗಿಟ್ಟೆ.

"ಮನೆಯವನು ನಾನೇ ಕಣಮ್ಮ," ಅಂದ ಓಡೆಲ್. "ಇದು ನನ್ನ ಮನೆ."

ಶಿರೀನ್ ನಾಲಿಗೆ ಕಚ್ಚಿಕೊಂಡು ಪಕ್ಕಕ್ಕೆ ಸರಿದಳು. ಅವನು ಬಂದು, ಕುರ್ಚಿಯಿಂದ ಏಳಲು ಹೋದ ಮುದುಕಿಗೆ ಕೂತಿರಿ ಎಂದು ಕೈಸನ್ನೆ ಮಾಡಿ, ಗೋಡೆಗೊರಗಿ ನೆಲದ ಮೇಲೇ ಕೂತ. ವರ್ನೀಟಾ ಅವನ ಕೈಗೆ ಖಿಚಡಿ ತಟ್ಟೆ ಕೊಟ್ಟಳು. ಪೆಟ್ಟಿಗೆ ಕೊಯ್ದದ್ದಕ್ಕೆ ಕ್ಷಮೆ ಕೇಳಲಿಲ್ಲ, ಅವನೂ ಅದರ ಮಾತೆತ್ತಲಿಲ್ಲ. ಎರಡು ತುತ್ತು ತಿಂದು, "ನಲ್ಲಿ ತೊಟ್ಟಿಕ್ಕೋಕೆ ಬಿಟ್ಟಿದೀಯಾ?" ಎಂದು ಕೇಳಿದ.

"ಬಿಟ್ಟಿದೀನಿ."

"ಸರಿ," ಅಂದು ತಿನ್ನುತ್ತ ಹೋದ.

ನಾವು ನಮ್ಮ ನಮ್ಮ ಮನೆಗಳಿಗೆ ಹೋದ ಮೇಲೆ ಅವನು ಆ ತಟ್ಟೆಗಳನ್ನೆಲ್ಲ ತೊಳೆದು ಗೋಡೆ ಬೀರುವಿನಲ್ಲಿ ಜೋಡಿಸಿದ. ರಟ್ಟಿನ ಪೆಟ್ಟಿಗೆಗಳನ್ನು ಕಸದ ಗಾಡಿಗೆ ಹಾಕಿದ್ದನ್ನು ನಾನೇ ನೋಡಿದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅವರು ಮತ್ತೆ ಮದುವೆಯಾಗಲಿಲ್ಲ. ಚರ್ಚಿನ ಹೆಂಗಸರು ಈಗಲೂ ಕೇಳುತ್ತಾರೆ. "ಒಂದ್ಸಲ ಆಗಿದೀವಲ್ಲ," ಎಂದು ವರ್ನೀಟಾ ಮಾತು ತೇಲಿಸುತ್ತಾಳೆ. ಕೆಲವು ಸಂಜೆ ಅವಳ ಕುರ್ಚಿ ಮೇಲಿನ ಜಗಲಿಯಲ್ಲಿರುವುದನ್ನು ನಾನು ಕಂಡಿದ್ದೇನೆ, ಕೇಳಲು ಹೋಗಿಲ್ಲ. ಹೊರಗೋಡೆಗೆ ಯಾವ ಬಣ್ಣವೆಂದು ಇಬ್ಬರಿಗೂ ಒಂದು ಇಡೀ ಬೇಸಗೆ ಜಗಳವಾಯಿತು. ಕೊನೆಗೆ ಕೆಳಗೆ ಹಸಿರು, ಮೇಲೆ ಹಳದಿ ಬಳಿದರು. ಹೊಸಬರಿಗೆ ದಾರಿ ಹೇಳುವಾಗ ಬೀದಿಯವರಿಗೆ ಅನುಕೂಲವಾಗಿದೆ.

ಓಡೆಲ್ ಈಚೆಗೆ ನಿವೃತ್ತನಾದ. ಡಿಪೋದ ಹುಡುಗರಿಗೆಲ್ಲ ಮನೆ ಕೊಳ್ಳಿ, ಬೇಗ ಕೊಳ್ಳಿ ಎಂದು ಬೋಧಿಸಿ ಬೋಧಿಸಿ ಬೇಸರ ಹುಟ್ಟಿಸಿದ್ದನಂತೆ. ಈಗ ಅವನ ಜೊತೆ ಮಾತಿಗೆ ನಿಂತರೆ ಬಿಡಿಸಿಕೊಳ್ಳುವುದು ಕಷ್ಟ. ಹೇಗಿದ್ದೀಯ ಎಂದರೆ ಸೂರಿನ ಮಳೆನೀರಿನ ಕೊಳವೆ ಹೇಗಿದೆ ಎಂದು ಹೇಳುತ್ತಾನೆ.

ಹೋದ ವಾರ ಜಗಲಿಯಲ್ಲಿ ಅರ್ಲೀನಳ ಜೊತೆ ಬೀನ್ಸ್ ಬಿಡಿಸುತ್ತ ಕೂತಿದ್ದೆ. ಮೇಲಿನಿಂದ ಸುತ್ತಿಗೆಯ ಸದ್ದು, ಜೊತೆಗೆ ಕಿಟಕಿಯ ಚೌಕಟ್ಟಿನ ಬಗ್ಗೆ ವರ್ನೀಟಾಗೆ ಅವನು ಕೊಡುತ್ತಿದ್ದ ವಿವರಣೆ ಕೇಳುತ್ತಿತ್ತು. ಮುದುಕಿ ತಲೆಯೆತ್ತಿ ಸೂರು ನೋಡಿದಳು.

"ಮೊದ್ಲು ಮನೆ ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ, ಈಗ ಮನೆ ಬಿಟ್ಟು ಬೇರೆ ಮಾತೇ ಇಲ್ಲ," ಅಂದಳು. "ಮಧ್ಯದಲ್ಲಿ ಒಂದು ವಾರ ಹದವಾಗಿದ್ದ ನೋಡು ಡಾಟಿ. ಆ ವಾರ ನಾನು ಜ್ವರ ಬಂದು ಮಲಗಿಬಿಟ್ಟಿದ್ದೆ."